ಕೆನ್ನೆಯಲ್ಲಿ ಮಿಂಚು

ಚಿಕ್ಕೋಡಿಯ ಸೀಮೆಯಲ್ಲಿ ಮಾಗಿಯ ಮುಂಜಾವಿನ ಗಾಳಿ ಬಹಳ ಹರಿತ. ಅದು ಸೋಕದಿರಲೆಂದು ಬಲಗೆನ್ನೆಗೆ ಸೆರಗು ಮುಚ್ಚಿ, ರೊಟ್ಟಿಯ ತಟ್ಟೆಯನ್ನು ದೂರ ಸರಿಸಿ ಕುಳಿತ ವೃದ್ಧೆಯೊಬ್ಬಳನ್ನು ಕಲ್ಪಿಸಿಕೊಳ್ಳಿ. “ಅತ್ತಿ, ಒಂದ ತುತ್ತರ ತಿನ್ನರಿ” ಎಂದು ಸೊಸೆ ಬೇಡುತ್ತಾಳೆ. ಆಕೆ ಬಾಯಿ ತೆರೆಯಳು. ಅಗಿದರೆ ಸಾಕು, ದವಡೆಯಿಂದ ಕೆನ್ನೆಯವರೆಗೆ ಮಿಂಚು ಹೊಡೆದಂತಾಗುತ್ತದೆ, ಕ್ಷಣಗಳಲ್ಲಿ ಅಡಗುತ್ತದೆ, ಮತ್ತೆ ಎರಗುತ್ತದೆ. ಹಲ್ಲುನೋವೆಂದು ಬಗೆದು ಎರಡು ಹಲ್ಲು ಕೀಳಿಸಿದ್ದಾಯಿತು. ಹಲ್ಲು ಹೋದವು, ನೋವು ಉಳಿಯಿತು.

ನೋವಿನ ಮೂಲವಿರುವುದು ನರದಲ್ಲಿ. ಮಿದುಳಿಗೆ ಸೇರಿದ ಹನ್ನೆರಡು ಜೊತೆ ನರಗಳಲ್ಲಿ ಐದನೆಯದು ಮೂರು ಕವಲಾಗಿ ಹಣೆ, ಕೆನ್ನೆ, ದವಡೆಗಳಿಗೆ ಹರಡುತ್ತದೆ. ಬಹುಮಟ್ಟಿಗೆ ಅದರ ಬುಡವನ್ನು ರಕ್ತನಾಳವೊಂದು ಒತ್ತಿ, ನರದ ಹೊದಿಕೆ ಸವೆದಿರುತ್ತದೆ. ಹೊದಿಕೆ ಹರಿದ ವಿದ್ಯುತ್ ತಂತಿಯಂತೆ ಅಲ್ಲಿ ಮೃದುಸ್ಪರ್ಶವೂ ಕಿಡಿಯಾಗುತ್ತದೆ. ವೈದ್ಯರು ಇದನ್ನು ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎನ್ನುತ್ತಾರೆ. ಐವತ್ತು ದಾಟಿದವರಲ್ಲಿ, ಅದರಲ್ಲಿಯೂ ಸ್ತ್ರೀಯರಲ್ಲಿ, ಇದು ಹೆಚ್ಚು.

ಸಾಮಾನ್ಯ ನೋವಿನ ಗುಳಿಗೆಗೆ ಇದು ಜಗ್ಗದು. ಪರಿಹಾರ ದೊರೆತದ್ದು ಮೂರ್ಛೆರೋಗದ ಔಷಧಗಳ ನಡುವೆ! 1953ರಲ್ಲಿ ಸ್ವಿಟ್ಜರ್ಲೆಂಡಿನ ಗೈಗಿ ಸಂಸ್ಥೆಯ ವಾಲ್ಟರ್ ಷಿಂಡ್ಲರ್ ಕಾರ್ಬಮಜೆಪೀನ್ ಎಂಬ ಔಷಧವನ್ನು ತಯಾರಿಸಿದರು. ಅದು ಮುಖದ ಈ ನೋವನ್ನೂ ಅಡಗಿಸುವುದೆಂದು 1962ರಲ್ಲಿ ಸ್ವೀಡನ್ನಿನ ವೈದ್ಯ ಬ್ಲೋಮ್ ಪ್ರಕಟಿಸಿದರು. ನರತಂತುವಿನಲ್ಲಿ ಸೋಡಿಯಂ ನುಗ್ಗುವ ದ್ವಾರಗಳನ್ನು ಅದು ತಡೆಹಿಡಿಯುವುದರಿಂದ ಕೆರಳಿದ ನರ ಶಾಂತವಾಗುತ್ತದೆ. ಇಂದಿಗೂ ವೈದ್ಯರು ಮೊದಲು ನೆನೆಯುವ ಮದ್ದು ಇದೇ.

ಆದರೆ ಅವಸರ ಸಲ್ಲದು. ಸಾಮಾನ್ಯವಾಗಿ 100 ಮಿಲಿಗ್ರಾಮಿನಿಂದ, ದಿನಕ್ಕೆ ಒಂದೆರಡು ಬಾರಿಯಂತೆ ಆರಂಭಿಸಿ, ನೋವು ಹತೋಟಿಗೆ ಬರುವವರೆಗೆ ವೈದ್ಯರು ಮೆಲ್ಲನೆ ಏರಿಸುತ್ತಾರೆ. ಮೊದಮೊದಲು ತೂಕಡಿಕೆ, ತಲೆಸುತ್ತು ಕಾಣಬಹುದು. ವಯಸ್ಸಾದವರು ಎಡವಿ ಬೀಳದಂತೆ ಮನೆಯವರು ನೋಡಿಕೊಳ್ಳಬೇಕು. ಕೆಲವರಲ್ಲಿ ರಕ್ತದ ಸೋಡಿಯಂ ಇಳಿದು ಮಂಕು ಕವಿಯುವುದರಿಂದ ಆಗಾಗ ರಕ್ತಪರೀಕ್ಷೆ ಅವಶ್ಯ. ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ಮುಂದಿನ ಗುಳಿಗೆ ನುಂಗದೆ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ವಿರಳವಾದರೂ ಅದು ಪ್ರಾಣಕ್ಕೆ ಎರವಾಗಬಲ್ಲುದು. ಹಾಗಲ್ಲದೆ, ನೋವು ನಿಂತಿತೆಂದು ತಾವೇ ಹಠಾತ್ತನೆ ಔಷಧ ಬಿಡಬಾರದು. ಮದ್ದು ಸಾಲದಾದಾಗ ನರದ ಮೇಲಿನ ರಕ್ತನಾಳವನ್ನು ಸರಿಸಿಡುವ ಶಸ್ತ್ರಚಿಕಿತ್ಸೆಯೂ ಉಂಟು.

ಅಥಣಿ, ಕಾಗವಾಡದವರಿಗೆ ಮಿರಜ, ನಿಪ್ಪಾಣಿಯವರಿಗೆ ಕೊಲ್ಲಾಪುರ, ಚಿಕ್ಕೋಡಿಯವರಿಗೆ ಬೆಳಗಾವಿ ದೂರವಲ್ಲ. ಮೂರನೆಯ ಹಲ್ಲು ಕೀಳಿಸುವ ಮುನ್ನ ನರರೋಗ ತಜ್ಞರನ್ನೊಮ್ಮೆ ಕಂಡರೆ, ಆ ಹಿರಿಯಳು ಸೊಸೆ ಬಡಿದ ರೊಟ್ಟಿಯನ್ನು ಮತ್ತೆ ನೆಮ್ಮದಿಯಿಂದ ಅಗಿದಾಳು.