ಮನೆಯ ಮೂಲೆಯಲ್ಲಿ ಕಹಳೆ

ಜಾತ್ರೆಯ ದಿನ ಕಂಬಕ್ಕೆ ಕಟ್ಟಿದ ಕಹಳೆಯಾಕಾರದ ಧ್ವನಿವರ್ಧಕದಿಂದ ಹೊರಡುವ ಸಂಗೀತ ಕಚೇರಿಯನ್ನು ನಾವೆಲ್ಲರೂ ಕೇಳಿದವರೇ. ಬಹುದೂರದಲ್ಲಿಯೂ ಹಾಡಿನ ಒಂದೊಂದು ಅಕ್ಷರ ಸ್ಪಷ್ಟವಾಗಿ ಕಿವಿಗೆ ಬೀಳುತ್ತದೆ. ಆದರೆ ಮೃದಂಗದ ಬಲಗಡೆಯ ನಾದ ಕೇಳಿಸುವುದೇ ಹೊರತು ಎಡಗಡೆಯ ಗುಂಕಾರ ಎಲ್ಲೋ ಅಡಗಿಹೋಗಿರುತ್ತದೆ. ಇಷ್ಟು ದೂರ ಕೂಗಬಲ್ಲ ಕಹಳೆಗೆ ಆ ಗುಂಕಾರವನ್ನು ಹೊರಡಿಸುವ ಶಕ್ತಿ ಏಕಿಲ್ಲ? ಇದಕ್ಕೆ ಉತ್ತರ ತಿಳಿದರೆ, ಮನೆಯಲ್ಲಿ ಸಂಗೀತ ಕೇಳಲು ಕಹಳೆಯ ಧ್ವನಿವರ್ಧಕವನ್ನು ಕಟ್ಟಬಯಸುವವರು ಯಾವುದನ್ನು ಮೊದಲು ಆರಿಸಬೇಕೆಂಬುದೂ ತಿಳಿಯುತ್ತದೆ.

ರೇಡಿಯೋ ಪೆಟ್ಟಿಗೆಗಳಲ್ಲಿ ಕಾಣುವ ಸಾಮಾನ್ಯ ಧ್ವನಿವರ್ಧಕವನ್ನು ೧೯೨೫ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬವರು ವಿವರಿಸಿದರು. ಅಯಸ್ಕಾಂತದ ಸಂದಿನಲ್ಲಿ ತಂತಿಯ ಸುರುಳಿ. ಅದಕ್ಕೆ ಅಂಟಿಕೊಂಡ ಶಂಕುವಿನಾಕಾರದ ಕಾಗದದ ಪೊರೆ. ಇದರ ಕೊರತೆಯೆಂದರೆ, ಪೊರೆಗೆ ಗಾಳಿ ತೀರ ಹಗುರ. ಬಯಲಲ್ಲಿ ಗಾಳಿಯನ್ನು ಗುದ್ದಿದಂತೆ ಅದರ ಶ್ರಮವೆಲ್ಲ ವ್ಯರ್ಥ. ಒಳಗೆ ಹೋದ ವಿದ್ಯುಚ್ಛಕ್ತಿಯ ನೂರು ಭಾಗದಲ್ಲಿ ಒಂದೆರಡು ಭಾಗ ಶಬ್ದವಾದರೆ ಹೆಚ್ಚು. ಮಿಕ್ಕದ್ದು ಶಾಖವಾಗಿ ಹೋಗುತ್ತದೆ. ಪೊರೆಯ ಮುಂದೆ ಕಹಳೆಯೊಂದನ್ನು ಜೋಡಿಸಿದೆವೆನ್ನೋಣ. ಕಹಳೆಯ ಇಕ್ಕಟ್ಟಾದ ಕೊರಳಿನಲ್ಲಿರುವ ಗಾಳಿ ಪಕ್ಕಕ್ಕೆ ಜಾರಿಕೊಳ್ಳಲಾರದು. ಪೊರೆ ಒತ್ತಿದಾಗ ಸೈಕಲ್ ಪಂಪಿನ ಗಾಳಿಯಂತೆ ಎದುರು ಒತ್ತುತ್ತದೆ. ಕೊರಳಿನ ಸಣ್ಣ ಜಾಗದ ಹೆಚ್ಚಿನ ಒತ್ತಡವು ಬಾಯಿಗೆ ಬರುವ ಹೊತ್ತಿಗೆ ದೊಡ್ಡ ಜಾಗದ ಕಡಿಮೆ ಒತ್ತಡವಾಗಿ ಮಾರ್ಪಡುತ್ತದೆ. ಸನ್ನೆಗೋಲಿನ ಕೆಲಸವೇ ಇದು. ಹೀಗೆ ನೂರಕ್ಕೆ ಹತ್ತರಿಂದ ಮೂವತ್ತು ಭಾಗದವರೆಗೆ ಶಕ್ತಿಯನ್ನು ಶಬ್ದವಾಗಿಸಬಹುದು. ಅಷ್ಟೇ ಗಟ್ಟಿಯಾದ ಶಬ್ದಕ್ಕೆ ಪೊರೆ ಬಹಳ ಕಡಿಮೆ ಅಲುಗಿದರೆ ಸಾಕು. ಆದುದರಿಂದ ಶಬ್ದ ಕೆಡುವುದೂ ಕಡಿಮೆ. ನಮ್ಮ ಅಭಿಪ್ರಾಯದಲ್ಲಿ, ಆಂಪ್ಲಿಫೈಯರುಗಳು ಅಗ್ಗವಾಗಿರುವ ಈ ಕಾಲದಲ್ಲಿ ಕಹಳೆಗೆ ಉಳಿದಿರುವ ನಿಜವಾದ ಹಿರಿಮೆ ಈ ಎರಡನೆಯದೇ.

ಆದರೆ ಕಹಳೆಯ ಆಕಾರಕ್ಕೆ ಕಟ್ಟುಪಾಡುಗಳುಂಟು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೪ ಮೀಟರು ಚಲಿಸುತ್ತದೆ. ಇದನ್ನು ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಅಲೆಯ ಉದ್ದ, ಎಂದರೆ ತರಂಗದೂರ, ದೊರೆಯುತ್ತದೆ. ಕಹಳೆಯ ಬಾಯಿಯ ಸುತ್ತಳತೆಯು, ಅದು ನುಡಿಯಬೇಕಾದ ಅತಿ ತಗ್ಗಿನ ಸ್ವರದ ತರಂಗದೂರದಷ್ಟಾದರೂ ಇರಬೇಕು. ಕಂಬದ ಮೇಲಿನ ಕಹಳೆಯ ಬಾಯಿ ಅರ್ಧ ಮೀಟರು ಅಗಲವಿದ್ದರೆ ಸುತ್ತಳತೆ ೧.೫೭ ಮೀಟರು, ಅದರ ಕೆಳಮಿತಿ ಸುಮಾರು ೨೨೦ ಕಂಪನ. ಮೃದಂಗದ ಗುಂಕಾರ ಇದಕ್ಕಿಂತ ಬಹಳ ಕೆಳಗಿನದು. (ಗಂಡಸಿನ ದನಿಯ ಮೂಲಸ್ವರವೂ ಸಾಮಾನ್ಯವಾಗಿ ಇದಕ್ಕಿಂತ ಕೆಳಗೇ ಇರುವುದು. ಆದರೂ ಮಾತು ತಿಳಿಯುವುದೇಕೆಂದರೆ ಅಕ್ಷರಗಳ ಗುರುತು ಮೇಲಿನ ಉಪಸ್ವರಗಳಲ್ಲಿರುತ್ತದೆ.)

ಎರಡನೆಯ ಕಟ್ಟುಪಾಡು ಕಹಳೆ ಹಿಗ್ಗುವ ವೇಗದ್ದು. ಬಹಳ ಬಳಕೆಯಲ್ಲಿರುವ ಮಾದರಿಯ ಕಹಳೆ ಚಕ್ರಬಡ್ಡಿಯ ಲೆಕ್ಕದಲ್ಲಿ ಬೆಳೆಯುತ್ತದೆ: ಇಂತಿಷ್ಟು ದೂರಕ್ಕೊಮ್ಮೆ ಅದರ ವಿಸ್ತೀರ್ಣ ಇಮ್ಮಡಿ. ೪೦೦ ಕಂಪನಗಳ ಕೆಳಮಿತಿಗೆ ಆ ದೂರ ೪.೭ ಸೆಂಟಿಮೀಟರು, ೪೦ ಕಂಪನಗಳಿಗೆ ೪೭ ಸೆಂಟಿಮೀಟರು. ಮೊದಲನೆಯದು ಮೇಜಿನ ಮೇಲಿಡಬಹುದಾದ ವಸ್ತು: ಒಂದು ಅಂಗುಲದ ಕೊರಳಿನಿಂದ ತೊಡಗಿ ಸುಮಾರು ೩೩ ಸೆಂಟಿಮೀಟರು ಉದ್ದ, ೨೭ ಸೆಂಟಿಮೀಟರು ಬಾಯಿ. ಎರಡನೆಯದರ ಬಾಯಿಯೋ ೨.೭ ಮೀಟರು ಅಗಲ! ಅದು ಕೋಣೆಯೊಳಗೆ ಹಿಡಿಸುವುದಿಲ್ಲ.

ಇಲ್ಲಿ ನೆರವಿಗೆ ಬಂದುದು ಕೋಣೆಯ ಮೂಲೆ. ಎರಡು ಗೋಡೆಗಳೂ ನೆಲವೂ ಸೇರುವ ಕಡೆ ಶಬ್ದ ಹರಡಲು ಇರುವುದು ಬಯಲಿನ ಎಂಟನೆಯ ಒಂದು ಭಾಗ ಮಾತ್ರ. ಆದುದರಿಂದ ಬಾಯಿಯ ವಿಸ್ತೀರ್ಣವೂ ಎಂಟನೆಯ ಒಂದು ಭಾಗವಾದರೆ ಸಾಕು: ೫.೯ ಚದರ ಮೀಟರಿಗೆ ಬದಲು ೦.೭೪. ಕೊರಳು ೫೦೦ ಚದರ ಸೆಂಟಿಮೀಟರು ಇದ್ದರೆ ಉದ್ದ ೧.೮ ಮೀಟರಿಗೆ ಇಳಿಯುತ್ತದೆ. ಅದನ್ನೂ ಪೆಟ್ಟಿಗೆಯೊಳಗೆ ಮಡಿಸಬಹುದು. ೧೯೩೦ರ ದಶಕದಲ್ಲಿಯೇ ಇಂಗ್ಲೆಂಡಿನ ಪಾಲ್ ವಾಯ್ಟ್ ಮೂಲೆಯ ಕಹಳೆಗಳನ್ನು ಮಾಡಿದ್ದನು. ಅಮೆರಿಕದ ಆರ್ಕನ್ಸಾ ಸಂಸ್ಥಾನದ ಹೋಪ್ ಎಂಬ ಊರಿನಲ್ಲಿ ಪಾಲ್ ಕ್ಲಿಪ್ಶ್ ೧೯೪೬ರಲ್ಲಿ ಕಂಪೆನಿ ತೆರೆದು ಮಾರಿದ 'ಕ್ಲಿಪ್ಶ್‌ಹಾರ್ನ್' ಏಳು ದಶಕಗಳಿಗೂ ಮೀರಿ ತಯಾರಾಗುತ್ತ ಬಂದಿದೆ. ಅದರಲ್ಲಿ ಕಹಳೆಯ ಕೊನೆಯ ಭಾಗ ಪೆಟ್ಟಿಗೆಯಲ್ಲಿಲ್ಲ. ಮನೆಯ ಗೋಡೆಗಳೇ ಆ ಭಾಗ! ಸ್ಟೀರಿಯೋ ಬೇಕಾದರೆ ಇಂಥ ಮೂಲೆಗಳು ಎರಡು ಬೇಕು. ಒಂದು ಮೂಲೆಯಲ್ಲಿ ಬಾಗಿಲು, ಇನ್ನೊಂದರಲ್ಲಿ ಗೋಡೆಬೀರು ಇರುವ ಮನೆಗಳೇ ಹೆಚ್ಚು.

ಇನ್ನು ಡ್ರೈವರಿನ ಮಾತು. ಪೊರೆ, ಸುರುಳಿ, ಅಯಸ್ಕಾಂತಗಳು ಕೂಡಿದ ಭಾಗಕ್ಕೆ ಈ ಹೆಸರು. ಕಹಳೆಯನ್ನು ನಡೆಸುವುದು ಅದೇ ಆದುದರಿಂದ ಹೆಸರು ತಕ್ಕುದೇ. ತಗ್ಗುಸ್ವರಕ್ಕೆ ಭಾರವಾದ, ಬಹಳ ದೂರ ಅಲುಗುವ ಪೊರೆಯೇ ಒಳ್ಳೆಯದೆಂದು ಹಲವರ ಎಣಿಕೆ. ಸಣ್ಣ ಪೆಟ್ಟಿಗೆಗೆ ಅದು ಸರಿ, ಕಹಳೆಗೆ ತಪ್ಪು. ಕಹಳೆಗೆ ಬೇಕಾದುದು ಬಲವಾದ ಅಯಸ್ಕಾಂತ, ಹಗುರವಾದ ಪೊರೆ. ಅದರ ಹಿಂದೆ ತಕ್ಕ ಅಳತೆಯ ಮುಚ್ಚಿದ ಕೋಣೆಯಿರಬೇಕು. ಅಲ್ಲಿಯ ಗಾಳಿ ಸ್ಪ್ರಿಂಗಿನಂತೆ ವರ್ತಿಸಿ, ಕೆಳಮಿತಿಯ ಹತ್ತಿರ ಕೊರಳಿನ ಗಾಳಿಯ ಜಡತ್ವವನ್ನು ಸರಿದೂಗಿಸುತ್ತದೆ. ಮೇಲಿನ ಸ್ವರಗಳ ಡ್ರೈವರಿನಲ್ಲಿ ಕೆಲವು ಸೆಂಟಿಮೀಟರಿನ ತೆಳುವಾದ ಲೋಹದ ಪೊರೆ, ಅದಕ್ಕಿಂತ ಕಿರಿದಾದ ಕೊರಳು. ಕೆಳಮಿತಿಗಿಂತ ತಗ್ಗಿನಲ್ಲಿ ಕಹಳೆಯ ಗಾಳಿ ಅದನ್ನು ತಡೆಹಿಡಿಯುವುದಿಲ್ಲ. ಪೊರೆ ಹದ್ದುಮೀರಿ ಕುಣಿದು ಒಡೆಯಬಹುದು. ೪೦೦ರ ಕಹಳೆಗೆ ೫೦೦ ಅಥವಾ ೬೦೦ ಕಂಪನಗಳಿಂದ ಮೇಲಿನದನ್ನು ಮಾತ್ರ ಕೊಡುವುದು ಕ್ಷೇಮ.

ತಗ್ಗುಸ್ವರದ ಕಹಳೆಗೆ ಜಾಗವಿಲ್ಲದವರು ಮೇಲಿನ ಸ್ವರಗಳಿಗೆ ಮಾತ್ರ ಕಹಳೆಯನ್ನಿಟ್ಟು, ಕೆಳಗೆ ಸಾಮಾನ್ಯ ಪೆಟ್ಟಿಗೆಯನ್ನು ಇಡುತ್ತಾರೆ. ಎಡವುವುದು ಇಲ್ಲಿಯೇ. ಒಂದು ವಾಟ್ ಕೊಟ್ಟಾಗ ಒಂದು ಮೀಟರು ದೂರದಲ್ಲಿ ಕಹಳೆ ೧೦೫ ಡೆಸಿಬೆಲ್ ಕೊಟ್ಟರೆ, ಪೆಟ್ಟಿಗೆ ೯೨ ಕೊಡುತ್ತದೆನ್ನೋಣ. ೧೩ ಡೆಸಿಬೆಲ್ ಅಂತರವೆಂದರೆ ಇಪ್ಪತ್ತು ಪಟ್ಟು ಶಕ್ತಿ. ಒಂದೇ ಆಂಪ್ಲಿಫೈಯರಿದ್ದರೆ, ಕಹಳೆಗೆ ಹೋಗುವ ಶಕ್ತಿಯನ್ನು ಇಪ್ಪತ್ತನೆಯ ಒಂದು ಭಾಗಕ್ಕೆ ಇಳಿಸದೆ ಸಂಗೀತ ಸಮವಾಗದು. ಇಡೀ ಜೋಡಣೆ ೯೨ರದೇ ಆಗುತ್ತದೆ. ಆದುದರಿಂದ ಮೊದಲು ಆರಿಸಬೇಕಾದುದು ತಗ್ಗುಸ್ವರದ ಪೆಟ್ಟಿಗೆ; ಮೇಲಿನ ಕಹಳೆಯನ್ನು ಅದಕ್ಕೆ ಹೊಂದಿಸಬೇಕು. ಹೆಚ್ಚು ದಕ್ಷತೆಯುಳ್ಳ ೧೫ ಅಂಗುಲದ ಎರಡು ಡ್ರೈವರುಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇಟ್ಟರೆ, ಒಂದೇ ಡ್ರೈವರಿಗಿಂತ ಅಷ್ಟೇ ವಾಟಿಗೆ ೩ ಡೆಸಿಬೆಲ್ ಹೆಚ್ಚು ದೊರೆಯುತ್ತದೆ.

ಮೇಲಕ್ಕೂ ಕೆಳಕ್ಕೂ ಬೇರೆ ಬೇರೆ ಆಂಪ್ಲಿಫೈಯರುಗಳನ್ನು ಇಟ್ಟುಕೊಳ್ಳುವುದು ಇನ್ನೊಂದು ದಾರಿ. ಮಡಿಸಿದ ಕಹಳೆ ಕಟ್ಟಿದವರಿಗೂ ಇದು ಉಪಯುಕ್ತ. ೧.೮ ಮೀಟರಿನ ಸುರಂಗದಲ್ಲಿ ಸುತ್ತಿ ಬರುವ ತಗ್ಗುಸ್ವರ ಸೆಕೆಂಡಿನ ಸಾವಿರದ ಐದು ಭಾಗದಷ್ಟು ತಡವಾಗಿ ಹೊರಡುತ್ತದೆ. ಈಗಿನ ಅಂಕೀಯ ಉಪಕರಣಗಳಿಂದ ಮೇಲಿನ ಕಹಳೆಯನ್ನೂ ಅಷ್ಟು ಹೊತ್ತು ತಡೆದು, ಎರಡೂ ಒಟ್ಟಿಗೆ ಕಿವಿಗೆ ಮುಟ್ಟುವಂತೆ ಮಾಡಬಹುದು.