ದುರ್ಗದ ಗುಡ್ಡ, ಗೇರ್ ಸೈಕಲ್ ಮತ್ತು ಒಂದಿಷ್ಟು ತಪ್ಪು ತಿಳಿವಳಿಕೆ

ಬೆಂಗಳೂರಿನಲ್ಲಿ ಮೌಂಟನ್ ಬೈಕ್ ಇಟ್ಟುಕೊಂಡವರು ವಾರಾಂತ್ಯ ಬಂತೆಂದರೆ ಅದನ್ನು ಕಾರಿನ ಬೆನ್ನಿಗೆ ಕಟ್ಟಿ ಸಕಲೇಶಪುರಕ್ಕೋ ಚಿಕ್ಕಮಗಳೂರಿಗೋ ಹೊರಡುತ್ತಾರೆ. ಚಿತ್ರದುರ್ಗ ಎಂದರೆ, "ಅಲ್ಲೇನಿದೆ? ಬಂಡೆ, ಬಿಸಿಲು, ಫ್ಯಾನು" ಎನ್ನುತ್ತಾರೆ. ಫ್ಯಾನು ಅಂದರೆ ಗುಡ್ಡದ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರ. ಹೆದ್ದಾರಿಯಲ್ಲಿ ಹುಬ್ಬಳ್ಳಿ ಕಡೆ ಹೋಗುವಾಗ ಕಿಟಕಿಯಲ್ಲಿ ಕಾಣುವುದು ಅಷ್ಟೇ ಆದ್ದರಿಂದ ಅವರನ್ನು ದೂರುವಂತಿಲ್ಲ. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಗುಡ್ಡಗಳಲ್ಲಿ ಸೈಕಲ್ ತುಳಿಯುವುದರ ಬಗ್ಗೆ ಹೊರಗಿನವರಿಗೂ ಊರಿನವರಿಗೂ ಇರುವ ಕಲ್ಪನೆಗಳಲ್ಲಿ ಅರ್ಧಕ್ಕರ್ಧ ತಪ್ಪು. ಹೆದರಬೇಕಾದ್ದಕ್ಕೆ ಹೆದರುವುದಿಲ್ಲ, ಹೆದರಬೇಕಿಲ್ಲದ್ದಕ್ಕೆ ಹಣ ಸುರಿಯುತ್ತಾರೆ.

"ಬರದ ಜಿಲ್ಲೆಯಲ್ಲಿ ಕಾಡೆಲ್ಲಿಂದ ಬರಬೇಕು?"

ಕೋಟೆಯ ಊರಿನಿಂದ ಹತ್ತಾರು ಕಿಲೋಮೀಟರ್ ದೂರ ಹೋಗುವ ಮೊದಲೇ ಜೋಗಿಮಟ್ಟಿ ಕಾಡು ಸಿಗುತ್ತದೆ. 2015ರಲ್ಲಿ ಇದನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ವಿಸ್ತೀರ್ಣ ಸುಮಾರು 100 ಚದರ ಕಿಲೋಮೀಟರ್. ಹೊಸದುರ್ಗದ ಲಕ್ಕಿಹಳ್ಳಿ ಕಡೆಯೂ ಕಾಡಿದೆ. ಇದು ಮಲೆನಾಡಿನ ಕಾಡಲ್ಲ, ಎಲೆ ಉದುರಿಸುವ ಕುರುಚಲು ಕಾಡು. ಮಾರ್ಚಿನಲ್ಲಿ ನೋಡಿದವರಿಗೆ ಸತ್ತಂತೆ ಕಾಣುವ ಇದೇ ಗುಡ್ಡ ಸೆಪ್ಟೆಂಬರಿನಲ್ಲಿ ಗುರುತು ಸಿಗದಷ್ಟು ಹಸಿರಾಗಿರುತ್ತದೆ.

ಇನ್ನು, ಈ ಆಟಕ್ಕೆ ಮಳೆಕಾಡೇ ಬೇಕೆಂಬ ನಿಯಮವೂ ಇಲ್ಲ. ಮೌಂಟನ್ ಬೈಕಿಂಗ್ ಕ್ರೀಡೆಯಾಗಿ ರೂಪುಗೊಂಡದ್ದೇ 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ದೂಳುದಾರಿಗಳಲ್ಲಿ. ಅಲ್ಲಿನ ಹುಡುಗರು ಹಳೇ ಸೈಕಲ್‌ಗಳನ್ನು ಗುಡ್ಡದ ಮೇಲೆ ಒಯ್ದು ಕೆಳಗೆ ಬಿಡುತ್ತಿದ್ದರು. ಒಂದೊಂದು ಇಳಿತಕ್ಕೂ ಬ್ರೇಕಿನೊಳಗಿನ ಗ್ರೀಸ್ ಕಾದು ಸುಟ್ಟುಹೋಗುತ್ತಿತ್ತು. ಆ ಆಟ 1996ರ ಅಟ್ಲಾಂಟಾ ಒಲಿಂಪಿಕ್ಸ್‌ವರೆಗೂ ಹೋಯಿತು. ಒಣ ಗುಡ್ಡ, ಜಲ್ಲಿಕಲ್ಲು, ದೂಳು: ಇವು ಈ ಆಟದ ಕೊರತೆಗಳಲ್ಲ, ತವರು.

"ಏರು ಹತ್ತಲಾಗದವರು ಈ ಕಡೆ ಬರಬಾರದು"

ಏರಿನ ಬಗ್ಗೆ ಇಲ್ಲಿ ಅಷ್ಟು ಯೋಚಿಸಬೇಕಿಲ್ಲ. ಜೋಗಿಮಟ್ಟಿಯೇ ಆದರೂ ಪೇಟೆಯ ಮಟ್ಟದಿಂದ ಮೇಲಿರುವುದು ಕೆಲವು ನೂರು ಮೀಟರ್ ಅಷ್ಟೇ. ನಿಜವಾಗಿ ಕಾಲು ಸೋಲಿಸುವುದು ಗಾಳಿ. ಈ ಸಾಲುಗುಡ್ಡಗಳ ಮೇಲೆ ಕಂಪನಿಗಳು ಕೋಟಿಗಟ್ಟಲೆ ಸುರಿದು ಫ್ಯಾನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿ ಪಡುವಣ, ನೈಋತ್ಯ ದಿಕ್ಕಿನಿಂದ ಬಿಡದೆ ಬೀಸುತ್ತದೆ. ಮಳೆ ಘಟ್ಟದಲ್ಲೇ ಸುರಿದು ಮುಗಿದಿರುತ್ತದೆ. ನಮ್ಮ ಪಾಲಿಗೆ ಬರುವುದು ಗಾಳಿ ಮಾತ್ರ.

ಲೆಕ್ಕ ನೋಡಿ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದೀರಿ, ಎದುರಿನಿಂದ ಅಷ್ಟೇ ವೇಗದ ಗಾಳಿ ಬಂತು. ಪ್ರತಿರೋಧ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಏರಿದ ಮೇಲೆ ಇಳಿಜಾರಾದರೂ ಸಿಗುತ್ತದೆ, ಎದುರುಗಾಳಿಗೆ ವಾಪಸು ತಿರುಗುವವರೆಗೆ ಅಂಥ ಪರಿಹಾರವಿಲ್ಲ. ಆದ್ದರಿಂದ ಚಿತ್ರದುರ್ಗದಿಂದ ಹೊಳಲ್ಕೆರೆಗೆ ಹೋಗಿ ಬರುವವರು ಬೆಳಗಿನ ಜಾವವೇ, ಗಾಳಿ ಎದ್ದೇಳುವ ಮುಂಚೆ, ಪಡುವಣಕ್ಕೆ ಹೊರಟುಬಿಡಬೇಕು. ವಾಪಸು ಬರುವಾಗ ಗಾಳಿಯೇ ಬೆನ್ನು ತಳ್ಳುತ್ತದೆ. ಇದನ್ನು ತಿರುವುಮುರುವು ಮಾಡಿಕೊಂಡು, ಮಧ್ಯಾಹ್ನ ಮೂರು ಗಂಟೆಗೆ ಗಾಳಿಗೆದುರಾಗಿ ನೀರು ಖಾಲಿಯಾದ ಬಾಟಲಿ ಹಿಡಿದು ನಿಂತವರನ್ನು ಪ್ರತಿ ಆಷಾಢದಲ್ಲೂ ಕಾಣಬಹುದು.

"ಕರಡಿ ಕಂಡರೆ ಮರ ಹತ್ತಬೇಕು"

ಇಬ್ಬರು ಗೆಳೆಯರು ಮತ್ತು ಕರಡಿಯ ಕಥೆಯನ್ನು ಶಾಲೆಯಲ್ಲಿ ಓದದವರಾರು? ಒಬ್ಬ ಮರ ಹತ್ತಿದ, ಇನ್ನೊಬ್ಬ ಸತ್ತವನಂತೆ ಮಲಗಿದ, ಕರಡಿ ಮೂಸಿ ಹೋಯಿತು. ಈ ಕಥೆಯನ್ನು ನಂಬಿಕೊಂಡು ದುರ್ಗದ ಗುಡ್ಡಕ್ಕೆ ಹೋಗಬೇಡಿ. ನಮ್ಮ ಕರಡಿ ಜೇನು, ಹಣ್ಣು ಹುಡುಕಿ ಮರ ಹತ್ತುವುದರಲ್ಲಿ ನಮಗಿಂತ ಗಟ್ಟಿಗ. ಓಟದಲ್ಲೂ ಮುಂದೆ. ಅದು ಮನುಷ್ಯನನ್ನು ತಿನ್ನಲು ಬರುವುದಿಲ್ಲ. ತಾನೇ ಬೆಚ್ಚಿಬಿದ್ದು ಮೇಲೆ ಬೀಳುತ್ತದೆ, ಉಗುರಿನಿಂದ ತಲೆ ಮುಖ ಪರಚುತ್ತದೆ. ಉಸಿರು ಕಟ್ಟಿ ಅಂಗಾತ ಬಿದ್ದುಕೊಂಡರೆ ಮುಖವನ್ನು ಅದರ ಕೈಗೆ ಕೊಟ್ಟಂತೆ. ಮೇಲೆ ಬಿದ್ದೇಬಿಟ್ಟರೆ ಬೋರಲು ಮಲಗಿ, ಎರಡೂ ಕೈಯಿಂದ ಕತ್ತು, ತಲೆ ಮುಚ್ಚಿಕೊಳ್ಳಬೇಕು. ಹೆಲ್ಮೆಟ್ ಇದ್ದರಂತೂ ತೆಗೆಯಲೇಬಾರದು.

ಸೈಕಲ್ ಸವಾರನ ತೊಂದರೆ ಏನೆಂದರೆ ಅವನು ಸದ್ದಿಲ್ಲದೆ, ನಡೆಯುವವನಿಗಿಂತ ಮೂರ್ನಾಲ್ಕು ಪಟ್ಟು ವೇಗದಲ್ಲಿ ತಿರುವು ದಾಟಿ ಬರುತ್ತಾನೆ. ಹುತ್ತ ಬಗೆದು ಗೆದ್ದಲು ಹೀರುತ್ತಿರುವ ಕರಡಿಗೆ ಅವನು ಗೊತ್ತಾಗುವುದು ಎದುರಿಗೆ ಬಂದ ಮೇಲೆ. ಗಾಳಿಯ ಮೊರೆತವೂ ಸೇರಿದರೆ ಕೇಳಿಸುವುದು ಇನ್ನೂ ಕಡಿಮೆ. ಹಾಗಾಗಿ ಹಳೇ ಕಾಲದ ಗಂಟೆಯೇ ಒಳ್ಳೆಯದು. "ಗಂಟೆ ಹೊಡ್ಕೊಂಡ್ ಹೋಗ್ರಪ್ಪ, ಸದ್ದಾದ್ರೆ ಅದೇ ಸರ್ಕೊಂತದೆ" ಎನ್ನುತ್ತಾರೆ ಇಲ್ಲಿನ ಕುರಿ ಕಾಯುವವರು. ಮುಂಜಾವು, ಮುಸ್ಸಂಜೆ ಕರಡಿಯ ಹೊತ್ತು. ಸೀತಾಫಲ ಹಣ್ಣಾಗುವ ಕಾಲದಲ್ಲಿ ಪೊದೆಗಳ ಹತ್ತಿರ ಇನ್ನೂ ಎಚ್ಚರ ಬೇಕು. ಗಾಳಿಯ ದೃಷ್ಟಿಯಿಂದ ಬೆಳಗಿನ ಜಾವ ಹೊರಡಿ ಎಂದೆನಲ್ಲ, ಅದು ಊರ ನಡುವಿನ ದಾರಿಗೆ. ಕಾಡಂಚಿಗೆ ಪೂರ್ತಿ ಬೆಳಕು ಹರಿದ ಮೇಲೆಯೇ.

"ಮುಂದಿನ ಬ್ರೇಕ್ ಮುಟ್ಟಿದರೆ ಪಲ್ಟಿ"

ಊರಿನ ಹುಡುಗರಿಗೆ ಮೊದಲ ಪಾಠವೇ ಇದು. ಆದರೆ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಜಾರುವುದರಿಂದ ಸೈಕಲನ್ನು ನಿಲ್ಲಿಸುವ ಶಕ್ತಿ ಬಹುಪಾಲು ಅಲ್ಲೇ ಇರುತ್ತದೆ. ಹಿಂದಿನದನ್ನಷ್ಟೇ ಅದುಮಿದರೆ ಚಕ್ರ ಕಚ್ಚಿಕೊಂಡು ಜಾರುತ್ತದೆ, ದಾರಿಯಲ್ಲಿ ಗೀರು ಬೀಳುತ್ತದೆ, ಮುಂದಿನ ಮಳೆಗೆ ಆ ಗೀರೇ ಕೊರಕಲಾಗುತ್ತದೆ. ಸೊಂಟ ಹಿಂದಕ್ಕೆ ಹಾಕಿ, ಎರಡನ್ನೂ ಒಂದೊಂದೇ ಬೆರಳಲ್ಲಿ ಮೆಲ್ಲಗೆ ಹಿಡಿಯುವುದು ಸರಿ.

ಎಷ್ಟು ಮೆಲ್ಲಗೆ ಎನ್ನುವುದನ್ನು ಕಲ್ಲು ಹೇಳುತ್ತದೆ. ದುರ್ಗದ ಕಲ್ಲೆಲ್ಲ ಒಂದೇ ಎಂದುಕೊಂಡವರು ಬೀಳುವುದು ಇಲ್ಲಿಯೇ. ಕೋಟೆಯ ಸುತ್ತ ಇರುವುದು ಗ್ರಾನೈಟ್. ಅದರ ಮೈ ಹರಳು ಹರಳು, ಒಣಗಿದ್ದರೆ ಟೈರನ್ನು ಕಚ್ಚಿ ಹಿಡಿಯುತ್ತದೆ. ಜೋಗಿಮಟ್ಟಿ ಸಾಲಿಗೆ ಬಂದರೆ ಅದು ಚಿತ್ರದುರ್ಗ ಶಿಸ್ಟ್ ಪಟ್ಟಿ, ಪದರ ಪದರವಾಗಿ ಒಡೆದು ಚಕ್ಕೆಯಾಗುವ ಕಲ್ಲು. ಚಕ್ಕೆಯ ಮೇಲೆ ಚಕ್ಕೆ ಜಾರುತ್ತದೆ. ಇದೇ ಪಟ್ಟಿಯ ಮರಡಿಹಳ್ಳಿಯಲ್ಲಿ, ಐಮಂಗಲದ ಕಡೆ, ದಿಂಬು ಜೋಡಿಸಿಟ್ಟಂತೆ ಕಾಣುವ ಲಾವಾ ಶಿಲೆಗಳಿವೆ. ನೀರಿನಡಿ ಉಕ್ಕಿದ ಲಾವಾ ಮಾತ್ರ ಹೀಗೆ ಗುಂಡಗೆ ಹೆಪ್ಪುಗಟ್ಟುತ್ತದೆ. ಅಂದರೆ ಸುಮಾರು 250 ಕೋಟಿ ವರ್ಷಗಳ ಹಿಂದೆ ಈ ಒಣ ನೆಲದ ಮೇಲೆ ನೀರು ನಿಂತಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಸೈಕಲ್ ಕೆಳಗೆ ನಿಲ್ಲಿಸಿ ನಡೆದು ನೋಡಿ.

"ಮಾರಿಕಣಿವೆ ವಿಶ್ವೇಶ್ವರಯ್ಯ ಕಟ್ಟಿಸಿದ್ದು, ಅದು ತುಂಬುವುದೇ ಇಲ್ಲ"

ಎರಡೂ ಸುಳ್ಳು. ವೇದಾವತಿಗೆ ಅಡ್ಡಲಾಗಿ ಹಿರಿಯೂರು ತಾಲ್ಲೂಕಿನಲ್ಲಿ ಕಟ್ಟಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರದ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ವಿಶ್ವೇಶ್ವರಯ್ಯನವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ಅಣೆಕಟ್ಟು ಕಟ್ಟುವಾಗ ಅವರ ನೌಕರಿ ಮುಂಬೈ ಪ್ರಾಂತ್ಯದ್ದು. ನಮ್ಮಲ್ಲಿ ಹಳೇ ಅಣೆಕಟ್ಟು ಕಂಡರೆ ಸಾಕು, ಅವರ ಹೆಸರಿಗೆ ಬರೆದುಬಿಡುವುದು ರೂಢಿ.

ತುಂಬುವ ವಿಷಯಕ್ಕೆ ಬಂದರೆ, 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮೂರು ತಲೆಮಾರು ಅದನ್ನು ಕಾಣಲಿಲ್ಲ, ನಿಜ. ಆದರೆ 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು, 2025ರ ಜನವರಿಯಲ್ಲಿ ಮತ್ತೆ ಬಿತ್ತು. ಸವಾರನಿಗೆ ಇದು ಬರೀ ಇತಿಹಾಸವಲ್ಲ. ಹಿನ್ನೀರು ಹೊಸದುರ್ಗ ತಾಲ್ಲೂಕಿನೊಳಕ್ಕೆ ಚಾಚಿಕೊಂಡಿದೆ. ನೀರು ಇಳಿದಿದ್ದ ವರ್ಷಗಳಲ್ಲಿ ಯಾರೋ ಓಡಾಡಿ ಮೊಬೈಲ್ ನಕ್ಷೆಗೆ ಏರಿಸಿದ ಜಾಡು ಈಗ ನೀರಿನಡಿ ಇರಬಹುದು. ನಕ್ಷೆ ಬಿಡಿ, ಹೊಲದಲ್ಲಿರುವವರನ್ನು ಕೇಳಿ.

"ಒಣ ಸೀಮೆ, ಕೆಸರಿನ ಚಿಂತೆ ಇಲ್ಲ"

ಹಿರಿಯೂರು ಕಡೆಯ ಎರೆ ಹೊಲಗಳನ್ನು ಮಳೆ ಬಿದ್ದ ಮಾರನೇ ದಿನ ದಾಟಿ ನೋಡಿ. ಚಕ್ರ ಹತ್ತು ಸುತ್ತು ಸುತ್ತುವಷ್ಟರಲ್ಲಿ ಫೋರ್ಕಿಗೂ ಟೈರಿಗೂ ನಡುವೆ ಮಣ್ಣು ಮೆತ್ತಿಕೊಂಡು ಸೈಕಲ್ ನಿಂತುಬಿಡುತ್ತದೆ, ಆಮೇಲೆ ಹೆಗಲ ಮೇಲೆ ಹೊರಬೇಕು. ಇಲ್ಲಿ ಒಳ್ಳೆ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಕೆಂಪು ಮಸಾರಿಯ ದಾರಿ ಹಿಡಿಯುವುದು ಜಾಣತನ. ಅದು ಅರ್ಧ ದಿನದಲ್ಲಿ ಒಣಗುತ್ತದೆ.

"ಗಾಳಿ ಗಟ್ಟಿಯಾಗಿ ತುಂಬಿದರೆ ಪಂಕ್ಚರ್ ಆಗಲ್ಲ"

ಗಟ್ಟಿ ಟೈರು ಕಲ್ಲಿನ ಮೇಲೆ ಪುಟಿಯುತ್ತದೆ, ಹಿಡಿತ ಹೋಗುತ್ತದೆ. ತುಸು ಕಡಿಮೆ ಗಾಳಿಯೇ ಒಳ್ಳೆಯದು. ಮುಳ್ಳಿಗಂತೂ ನಿಮ್ಮ ಒತ್ತಡದ ಲೆಕ್ಕವೇ ಇಲ್ಲ. ನೆಗ್ಗಿಲು ಮುಳ್ಳನ್ನು ಅಂಗೈಯಲ್ಲಿಟ್ಟು ನೋಡಿ: ಕಾಯಿ ಒಡೆದು ಐದು ಹೋಳಾಗುತ್ತದೆ, ಹೋಳಿಗೆ ಎರಡೆರಡು ಉದ್ದನೆಯ ಮುಳ್ಳು, ಹೇಗೆ ಬಿದ್ದರೂ ಒಂದು ಮೇಲಕ್ಕೆ. ಬಳ್ಳಾರಿ ಜಾಲಿಯದು ಇನ್ನೂ ಉದ್ದ. ಲಕ್ಷ ಕೊಟ್ಟು ಹಿಂದೆ ಮುಂದೆ ಸಸ್ಪೆನ್ಷನ್ ಇರುವ ಸೈಕಲ್ ತರುವವರು, ಟೈರಿನೊಳಗೆ ತೂತು ಮುಚ್ಚುವ ಸೀಲೆಂಟ್ ದ್ರಾವಣಕ್ಕೆ ಮಾತ್ರ ಚೌಕಾಸಿ ಮಾಡುತ್ತಾರೆ. ಈ ದಾರಿಗಳಿಗೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಧಾರಾಳ ಸಾಕು.

"ಕಾಡು ಯಾರಪ್ಪನದೂ ಅಲ್ಲ"

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವನ್ಯಜೀವಿಧಾಮದೊಳಗೆ ಹೊರಗಿನವರು ಅನುಮತಿ ಇಲ್ಲದೆ ಹೋಗುವಂತಿಲ್ಲ, ಸೈಕಲ್‌ಗೆ ವಿನಾಯಿತಿ ಇಲ್ಲ. ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಕೊಂಡೇ ಹೋಗಬೇಕು. ಫ್ಯಾನಿನ ರಸ್ತೆಗಳಿಗೂ ಗೇಟಿದೆ, ಕಾವಲುಗಾರನಿದ್ದಾನೆ. ಕೋಟೆ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅದರ ಮೆಟ್ಟಿಲ ಮೇಲೆ ಸೈಕಲ್ ಇಳಿಸಿ ವಿಡಿಯೊ ಮಾಡುವ ಆಸೆ ಬೇಡ.

ಹಾಗೆಂದು ದಾರಿ ಮುಗಿಯಲಿಲ್ಲ. ಹೊಳಲ್ಕೆರೆಯ ಅಡಿಕೆ ತೋಟಗಳ ಬದಿ, ರಾಮಗಿರಿಯ ಕರಿಸಿದ್ದೇಶ್ವರನ ಗುಡ್ಡದ ಬುಡ, ಹೊಸದುರ್ಗದ ತೆಂಗಿನ ಸಾಲು, ಸಾಣೇಹಳ್ಳಿಯ ಬಯಲು ರಂಗಮಂದಿರದ ಸುತ್ತಮುತ್ತ ಗಾಡಿಜಾಡುಗಳಿಗೇನು ಕೊರತೆ? ದುರ್ಗದ ಮಗ್ಗುಲಿನ ಚಂದ್ರವಳ್ಳಿಯನ್ನು ಪಿಕ್ನಿಕ್ ಜಾಗ ಎಂದು ತಳ್ಳಿಹಾಕಬೇಡಿ. ಕದಂಬ ಮಯೂರಶರ್ಮನ ಶಾಸನ ಅಲ್ಲಿದೆ, 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದ್ದರು, ರೋಮನ್ ನಾಣ್ಯಗಳೂ ಸಿಕ್ಕಿವೆ.

"ಪಂಕ್ಚರ್ ಅಂಗಡಿ ಎಲ್ಲೆಲ್ಲೂ ಇದೆಯಲ್ಲ"

ಇದೆ, ಆದರೆ ಅಲ್ಲಿನ ಪಂಪು ಬೈಕು, ಕಾರಿನ ವಾಲ್ವಿಗೆ ಹೊಂದುವಂಥದ್ದು. ದುಬಾರಿ ಗೇರ್ ಸೈಕಲ್‌ನ ಸಣ್ಣ ಪ್ರೆಸ್ಟಾ ವಾಲ್ವಿಗೆ ಅದು ಕೂರುವುದಿಲ್ಲ. ಕೆಲವೇ ರೂಪಾಯಿಯ ಹಿತ್ತಾಳೆ ಅಡಾಪ್ಟರನ್ನು ವಾಲ್ವಿಗೇ ತಿರುಗಿಸಿ ಇಟ್ಟುಕೊಂಡಿದ್ದರೆ ಹೊಸದುರ್ಗದ ಯಾವ ಅಂಗಡಿಯಲ್ಲಾದರೂ ಗಾಳಿ ಹೊಡೆಸಿಕೊಳ್ಳಬಹುದು.