ಗೋಸುಂಬೆ ನೆಲಕ್ಕಿಳಿದಿದ್ದರೆ ಅದಕ್ಕೆ ಹುಷಾರಿಲ್ಲವೆಂದೇ?

ಅಕ್ಟೋಬರ್ ಹೊತ್ತಿಗೆ ಸಾಲಿಗ್ರಾಮ, ಕೆ.ಆರ್. ನಗರದ ಕಡೆ ಹೊಲದ ಬದುವಿನಲ್ಲೋ ರಸ್ತೆಯಂಚಿನಲ್ಲೋ ಹೊಟ್ಟೆ ಉಬ್ಬಿದ ಗೋಸುಂಬೆ ತೂಗಾಡುತ್ತಾ ನಡೆಯುವುದು ಕಂಡರೆ, ಕಾಯಿಲೆ ಬಿದ್ದಿದೆ ಎಂದು ಮನೆಗೆ ತಂದು ಸಾಕಲು ಹೋಗಬೇಡಿ. ಅದು ಬಸುರಿ ಇರಬಹುದು.

ಮರ, ಪೊದೆ ಬಿಟ್ಟು ಅಷ್ಟಾಗಿ ಇಳಿಯದ ಈ ಪ್ರಾಣಿ ಮೊಟ್ಟೆ ಇಡಲು ನೆಲಕ್ಕೆ ಬರಲೇಬೇಕು. ಮೆದು ಮಣ್ಣು ಹುಡುಕಿ, ಕಾಲಿನಿಂದ ಗುಂಡಿ ತೋಡಿ, 10ರಿಂದ 30ರಷ್ಟು ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ ಮತ್ತೆ ಮರ ಹತ್ತುತ್ತದೆ. ಮರಿಗಳನ್ನು ನೋಡಲು ತಾಯಿ ಬರುವುದಿಲ್ಲ.

ಇಂಥದ್ದನ್ನು ರಟ್ಟಿನ ಡಬ್ಬಿಗೆ ಹಾಕಿದರೆ? ಅಗೆಯಲು ಮಣ್ಣಿಲ್ಲದೆ ಮೊಟ್ಟೆ ಒಳಗೇ ಉಳಿದು ತಾಯಿ ಸಾಯಬಹುದು. ಹೊರದೇಶಗಳಲ್ಲಿ ಗೋಸುಂಬೆ ಸಾಕುವವರು ಪಂಜರದೊಳಗೆ ಆಳವಾಗಿ ಒದ್ದೆ ಮರಳು ತುಂಬಿಡುವುದು ಇದಕ್ಕೇ. ಯೆಮನ್ ಮೂಲದ ಒಂದು ಜಾತಿಯಂತೂ ಗಂಡಿನ ಜೊತೆ ಸೇರದೆಯೂ ಮೊಟ್ಟೆ ಕಟ್ಟುತ್ತದೆ, ಹಾಗಾಗಿ ಒಂಟಿ ಹೆಣ್ಣಿಗೂ ಮರಳು ಬೇಕು. ನಮ್ಮ ಗೋಸುಂಬೆಯನ್ನಂತೂ ಸಾಕುವಂತೆಯೇ ಇಲ್ಲ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ.

ವಿಷದ ಭಯ ಬೇಡ, ಅದಕ್ಕೆ ವಿಷವಿಲ್ಲ. ಬುಸುಗುಟ್ಟಿ ಬಾಯಿ ತೆರೆಯುವುದು ಹೆದರಿಸಲು ಮಾತ್ರ.

ರಸ್ತೆ ಮಧ್ಯೆ ಸಿಕ್ಕರೆ ಒಂದು ಕಡ್ಡಿ ಹಿಡಿದು ಹತ್ತಿಸಿಕೊಂಡು, ಹೋಗುತ್ತಿದ್ದ ದಿಕ್ಕಿಗೇ ಬಿಡಿ. ನಾಯಿ, ಮಕ್ಕಳನ್ನು ದೂರವಿಡಿ. ಗಾಯವಾಗಿದ್ದರೆ ಅಥವಾ ಯಾರಾದರೂ ಈಗಾಗಲೇ ಮನೆಯಲ್ಲಿಟ್ಟುಕೊಂಡಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಉಳುವಾಗ ಮೊಟ್ಟೆ ಕಂಡರೆ ತಿರುಗಿಸದೆ, ಇದ್ದ ಹಾಗೆಯೇ ಮಣ್ಣು ಮುಚ್ಚಿ. ಮಗುಚಿದರೆ ಒಳಗಿನ ಭ್ರೂಣ ಸಾಯಬಹುದು.